ಸಂದಿಲ್ಲದ ರಿಂಗು

"ಬುದ್ಧಿ, ಗೋಡೆ ಎತ್ತರಿಸಲೋ, ಇನ್ನೊಂದು ಸಲ ಗಂಟೆ ಹೊಡೆಸಲೋ?"

ಶಿಷ್ಯ ಮುರುಗಯ್ಯ ಈ ಪ್ರಶ್ನೆ ಕೇಳಿದ್ದು ನಿಂತುಕೊಂಡೇ. ಕೂರಲು ಅವನಿಗೆ ಪುರುಸೊತ್ತಿರಲಿಲ್ಲ. ಗಾರೆ ಕೆಲಸದವನು ಟೇಪು ಹಿಡಿದು ಹೊರಗೆ ಕಾಯುತ್ತಿದ್ದ.

ಮಠದ ವಿದ್ಯಾರ್ಥಿ ನಿಲಯವನ್ನು ಗುರುಗಳು ಅವನ ಕೈಗೆ ಒಪ್ಪಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಅವನು ಅದನ್ನು ಚೊಕ್ಕ ಮಾಡಿದ್ದ. ಏಳುವುದಕ್ಕೆ ಗಂಟೆ, ಮೀಯುವುದಕ್ಕೆ ಗಂಟೆ, ಓದುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ. ತಟ್ಟೆ ತೊಳೆದು ಚೀಲ ಹೆಗಲಿಗೇರಿಸುವ ನಡುವೆ ಚೂರು ಹೊತ್ತು ಉಳಿಯುತ್ತಿತ್ತು. ಅದಕ್ಕೆ 'ಮೌನ ಚಿಂತನೆ' ಎಂದು ಹೆಸರಿಟ್ಟು ಅಲ್ಲಿಗೂ ಒಂದು ಗಂಟೆ ಹಾಕಿಸಿದ್ದ. ಸಂಜೆಯ ಆಟಕ್ಕೆ ಸೀಟಿ ಇತ್ತು. ಭಾನುವಾರ 'ಹಾಸ್ಯ' ಎಂದು ಸ್ವಲ್ಪ ಸಮಯ ಇತ್ತು. ಆಗ ಸರದಿಯ ಪ್ರಕಾರ ಒಬ್ಬ ಹುಡುಗ ನಗೆಹನಿ ಹೇಳಬೇಕು, ಉಳಿದವರು ನಗಬೇಕು.

ಹುಡುಗರು ಗೋಡೆ ಹಾರತೊಡಗಿದರು.

ಮೊದಲು ಹಾರಿದವನು ಬೋರಲಿಂಗ ಎಂಬ ಹುಡುಗ. ಮುರುಗಯ್ಯ ಅವನನ್ನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹಿಡಿದ. ಹುಡುಗನ ಕೈಯಲ್ಲಿ ಬೀಡಿ ಇರಲಿಲ್ಲ. ಜೇಬಿನಲ್ಲಿ ಸಿನಿಮಾ ಟಿಕೆಟ್ಟೂ ಇರಲಿಲ್ಲ.

"ಇಲ್ಲಿ ಏನೋ ಮಾಡ್ತಿದ್ದೆ?"

"ಏನೂ ಇಲ್ಲ ಅಯ್ನೋರೆ."

"ಏನೂ ಮಾಡದೆ ಇರೋದಕ್ಕೆ ಗೋಡೆ ಹಾರಿ ಬಂದೆಯಾ?"

"ಹೂಂ. ಅಲ್ಲಿ ಆಗಲ್ವಲ್ಲ."

ಆಮೇಲೆ ಇನ್ನೂ ಕೆಲವರು ಹಾರಿದರು. ಒಬ್ಬ ಹಾರುವಾಗ ಕೈ ಮುರಿದುಕೊಂಡ. ಅವನ ಅಪ್ಪ ಬಂದು ಟ್ರಂಕು ತಲೆಯ ಮೇಲಿಟ್ಟುಕೊಂಡು ಮಗನನ್ನು ಕರೆದುಕೊಂಡು ಹೋದ. ಬೇರೆ ಮನೆಗಳಿಂದಲೂ ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಹೀಗೇ ನಡೆದರೆ ಬೇಸಿಗೆ ಮುಗಿಯುವುದರೊಳಗೆ ನಿಲಯದಲ್ಲಿ ಗಂಟೆ ಉಳಿಯುತ್ತಿತ್ತು, ಕೇಳುವವರು ಉಳಿಯುತ್ತಿರಲಿಲ್ಲ.

"ಎಲ್ಲೋ ಒಂದು ಕಡೆ ಸಡಿಲ ಬಿಟ್ಟಿದ್ದೇನೆ ಬುದ್ಧಿ. ಎಲ್ಲಿ ಅಂತ ಹುಡುಕಿದರೂ ಸಿಗುತ್ತಿಲ್ಲ," ಎಂದ ಮುರುಗಯ್ಯ.

ಗುರುಗಳು ಕಡಲೆಕಾಯಿ ಬಿಡಿಸುತ್ತಿದ್ದರು. ಎದುರಿನ ಚಾಪೆ ತೋರಿಸಿದರು.

"ಕೂತ್ಕೊ. ಗಾರೆಯವನಿಗೆ ಒಂದು ಲೋಟ ಕಾಫಿ ಕೊಡಿಸು. ಒಂದು ಸ್ಕೂಟರಿನ ಕತೆ ಇದೆ, ಹೇಳ್ತೀನಿ."

"ಸ್ಕೂಟರಿನ ಕತೆ ಶಾಸ್ತ್ರದಲ್ಲಿ ಇದೆಯೇ ಬುದ್ಧಿ?"

"ಶಾಸ್ತ್ರ ಬರೆದವರಿಗೆ ಸ್ಕೂಟರ್ ಕೊಡಿಸಿದವರು ಯಾರಪ್ಪ? ಕೂತ್ಕೊ."

ಮುರುಗಯ್ಯ ಕಾಫಿಗೆ ಹೇಳಿ ಬಂದು ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಅಕ್ಕಸಾಲಿಗನಿದ್ದ. ಒಡೆದ ಬಳೆಯನ್ನು ಬೆಸೆಯುವುದರಲ್ಲಿ ಅವನಿಗೆ ಹೆಸರು. ಅವನು ಬೆಸೆದ ಜಾಗ ಯಾರಿಗೂ ಕಾಣುತ್ತಿರಲಿಲ್ಲ. ಹೆಂಗಸರು ಬಳೆಯನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತಿದ್ದರು, ಉಗುರಿನಿಂದ ಗೀರುತ್ತಿದ್ದರು. ಉಗುರು ಎಲ್ಲೂ ತಡೆಯುತ್ತಿರಲಿಲ್ಲ. ಆಗ ಅವನು ತಲೆ ಎತ್ತದೆ, "ಸಿಕ್ಕಿದರೆ ಹೇಳಿ ತಾಯಿ," ಎನ್ನುತ್ತಿದ್ದ. ಅವನು ಕೊಚ್ಚಿಕೊಳ್ಳುತ್ತಿದ್ದದ್ದು ಅಷ್ಟೇ. ಆದರೆ ದಿನವೂ ಕೊಚ್ಚಿಕೊಳ್ಳುತ್ತಿದ್ದ.

ಅವನಲ್ಲಿ ಒಂದು ಸ್ಕೂಟರಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಟೂ ಸ್ಟ್ರೋಕ್ ಗಾಡಿ. ಅದು ಮುದಿಯಾಗಿತ್ತು. ಹೊಗೆ ಬಿಡುತ್ತಿತ್ತು. ಏರು ಬಂದರೆ ಹಿಂದೆ ಕೂತ ಹೆಂಡತಿ ಇಳಿದು ನಡೆಯಬೇಕಾಗಿತ್ತು. ಅವಳು ಮುಂದೆ ಹೋಗಿ ಏರಿನ ತುದಿಯಲ್ಲಿ ನಿಂತು ಕಾಯುತ್ತಿದ್ದಳು.

ಆ ಸೀಮೆಯಲ್ಲಿ ಒಂದು ಪದ್ಧತಿ. ತಾಳಿ ಮಾಡಿದ ಅಕ್ಕಸಾಲಿಗನೇ ಅದನ್ನು ಮದುವೆಯ ಚಪ್ಪರಕ್ಕೆ ತರಬೇಕು. ಮದುವಣಗಿತ್ತಿಯ ತಾಯಿಯ ಕೈಗೆ ಅವನೇ ಇಡಬೇಕು. ನಡುವೆ ಬೇರೆ ಕೈಗೆ ಹೋಗಬಾರದು. ಹಾಗೆ ತಂದವನಿಗೆ ಮುಂದಿನ ಸಾಲಿನಲ್ಲಿ ಜಮಖಾನ, ಮೊದಲ ಪಂಕ್ತಿಯಲ್ಲಿ ಎಲೆ. ತಡವಾಗಿ ತಂದವನಿಗೆ ಆ ಊರಿನಲ್ಲಿ ಇನ್ನೊಂದು ತಾಳಿ ಮಾಡುವ ಭಾಗ್ಯ ಇರುವುದಿಲ್ಲ. ಫೋನು ಊರಿಗೊಂದು ಇದ್ದರೆ ಹೆಚ್ಚು ಎನ್ನುವ ಕಾಲ ಅದು. ತಡವಾಗುತ್ತದೆ ಎಂದು ಹೇಳಿ ಕಳಿಸುವ ದಾರಿಯೂ ಇರಲಿಲ್ಲ.

ದಿಣ್ಣೆಯ ಆಚೆಗಿನ ಹಳ್ಳಿಯಲ್ಲಿ ಒಂದು ಮದುವೆ ಗೊತ್ತಾಯಿತು. ತಾಳಿ ಇವನದು. ಹನ್ನೊಂದೂವರೆಯೊಳಗೆ ಕಟ್ಟಬೇಕು. ಅಕ್ಕಸಾಲಿಗ ದಿಣ್ಣೆಯನ್ನು ನೆನೆದ. ಸ್ಕೂಟರನ್ನು ನೆನೆದ. ಮಾರನೆಯ ದಿನ ಅದನ್ನು ತಳ್ಳಿಕೊಂಡು ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋದ.

ಮೆಕ್ಯಾನಿಕ್ ಎಂಜಿನ್ ಬಿಚ್ಚಿ ನೋಡಿದ.

"ಪಿಸ್ಟನ್ ಮುಗಿದಿದೆ ಆಚಾರ್ರೇ. ರಿಂಗೂ ಸವೆದಿವೆ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಬೇಕು."

"ಹಾಕು. ನಾನು ಕೂತು ನೋಡ್ತೀನಿ."

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇದೆ. ನೋಡ್ತೀನಿ ಅಷ್ಟೇ."

ಸಿಲಿಂಡರು ಪಟ್ಟಣಕ್ಕೆ ಹೋಗಿ, ಒಳಗೋಡೆ ಕೊರೆಸಿಕೊಂಡು, ಬೋರ್ ಆಗಿ ಬಂತು. ಜೋಡಿಸುವ ದಿನ ಅಕ್ಕಸಾಲಿಗ ಅಂಗಡಿಗೆ ಬಾಗಿಲು ಹಾಕಿ ಶೆಡ್ಡಿನಲ್ಲಿ ಒಂದು ಟೈರಿನ ಮೇಲೆ ಕೂತ.

ಇಲ್ಲಿ ಮುರುಗಯ್ಯ ಒಂದು ಮಾತು ಕೇಳಿದ.

"ಬುದ್ಧಿ, ನಿಮಗೆ ಸ್ಕೂಟರಿನ ಒಳಗಿನದೆಲ್ಲ ಹೇಗೆ ಗೊತ್ತು?"

"ಮಠದ ಸ್ಕೂಟರಿನ ಹಿಂದೆ ಕೂತವನು ನಾನು. ಕೂತದ್ದಕ್ಕಿಂತ ಶೆಡ್ಡಿನ ಮುಂದೆ ನಿಂತದ್ದು ಹೆಚ್ಚು," ಎಂದರು ಗುರುಗಳು. "ನಿನಗೂ ತಿಳಿಯಲಿ, ಕೇಳು. ಎಂಜಿನ್ನಿನ ಒಳಗೆ ಸಿಲಿಂಡರ್ ಎಂಬ ಕೊಳವೆಯಲ್ಲಿ ಪಿಸ್ಟನ್ ಹಿಂದೆ ಮುಂದೆ ಓಡಾಡುತ್ತದೆ. ಅದರ ಕತ್ತಿನಲ್ಲಿ ಎರಡು ತೋಡು. ಒಂದೊಂದು ತೋಡಿನಲ್ಲಿ ಒಂದೊಂದು ರಿಂಗು. ರಿಂಗು ಸಿಲಿಂಡರಿನ ಗೋಡೆಗೆ ಒತ್ತಿಕೊಂಡು ಒಳಗಿನ ಗಾಳಿ ಸೋರದಂತೆ ಹಿಡಿಯುತ್ತದೆ. ಗಾಳಿ ಸೋರಿದರೆ ಗಾಡಿಗೆ ಬಲ ಇಲ್ಲ. ಆದರೆ ರಿಂಗು ಪೂರ್ತಿ ಬಳೆಯಲ್ಲ. ಒಂದು ಕಡೆ ಸೀಳಿರುತ್ತದೆ. ಸೀಳದಿದ್ದರೆ ಅದನ್ನು ಅಗಲಿಸಿ ಪಿಸ್ಟನ್ನಿಗೆ ತೊಡಿಸುವುದು ಹೇಗೆ?"

"ಸರಿ ಬುದ್ಧಿ."

"ಆ ಸೀಳು ಅಕ್ಕಸಾಲಿಗನ ಕಣ್ಣಿಗೆ ಬಿತ್ತು."

ಮೆಕ್ಯಾನಿಕ್ ಹೊಸ ರಿಂಗನ್ನು ಮೊದಲು ಬರೀ ಸಿಲಿಂಡರಿನೊಳಗೆ ಇಟ್ಟ. ಪಿಸ್ಟನ್ನಿನ ತಲೆಯಿಂದ ಅದನ್ನು ಸಮನಾಗಿ ಒಳಕ್ಕೆ ಸರಿಸಿದ. ಬೆಳಕಿಗೆ ಹಿಡಿದು ನೋಡಿದ. ರಿಂಗಿನ ಎರಡು ತುದಿಗಳು ಒಂದನ್ನೊಂದು ಒತ್ತುತ್ತಿದ್ದವು. ಅವನು ರಿಂಗನ್ನು ಹೊರಗೆ ತೆಗೆದು ಅರ ಕೈಗೆತ್ತಿಕೊಂಡ.

"ಏನು ಮಾಡ್ತೀಯ?" ಎಂದ ಅಕ್ಕಸಾಲಿಗ.

"ತುದಿ ಉಜ್ಜಿ ಸಂದು ಬಿಡ್ತೀನಿ."

"ಹಾಕೋವಾಗ ಸೀಳು ಬೇಕು, ಒಪ್ಪಿದೆ. ಹಾಕಿದ ಮೇಲೆ ಸಂದು ಯಾಕೆ?"

"ಬಿಡಬೇಕು."

"ಯಾಕೆ ಅಂತ ಕೇಳಿದೆ."

"ಬಿಡಬೇಕು ಅಂದ್ರೆ ಬಿಡಬೇಕು ಆಚಾರ್ರೇ. ನನಗೆ ಕೆಲಸ ಕಲಿಸಿದವರು ಬಿಡ್ತಿದ್ದರು, ನಾನೂ ಬಿಡ್ತೀನಿ. ನಿಮ್ಮ ಮೂಗುತಿಗೆ ತಿರುಪು ಎಡಕ್ಕೆ ಯಾಕೆ ಅಂತ ನಾನು ಬಂದು ಕೇಳಿದೀನಾ?"

ಮೆಕ್ಯಾನಿಕ್ಕಿಗೆ ಕಾರಣ ಗೊತ್ತಿರಲಿಲ್ಲ ಎಂದಲ್ಲ. ಅವನಿಗೆ ಹಸಿವಾಗಿತ್ತು.

ಅವನು ಅರ ಹಿಡಿದು ಎರಡು ಸಲ ಉಜ್ಜಿದ. ಅಕ್ಕಸಾಲಿಗ ಕಣ್ಣು ಮುಚ್ಚಿಕೊಂಡ. ಯಾರೋ ಅವನ ಹಲ್ಲಿಗೇ ಅರ ಹಾಕಿ ಉಜ್ಜಿದ ಹಾಗಿತ್ತು.

"ಕೊಡು ಇಲ್ಲಿ. ಅರ ಹಿಡಿಯೋದು ಹಾಗಲ್ಲ. ನೀನು ಊಟ ಮಾಡಿ ಬಾ, ಅಷ್ಟರಲ್ಲಿ ನಾನು ಮಾಡಿಟ್ಟಿರ್ತೀನಿ."

ಮೆಕ್ಯಾನಿಕ್ ಯೋಚಿಸಿದ. ಅರ ಹಿಡಿಯುವುದರಲ್ಲಿ ಊರಿಗೆಲ್ಲ ಮೇಲಾದ ಕೈ ಅದು. ಸುಮ್ಮನೆ ಸಿಗುತ್ತಿದೆ. ಡಬ್ಬಿಯಲ್ಲಿ ಚಿತ್ರಾನ್ನವೂ ಇತ್ತು.

"ಒಂದು ಪೋಸ್ಟ್‌ಕಾರ್ಡಿನ ದಪ್ಪ ಬಿಡಿ. ಜಾಸ್ತಿ ಬಿಟ್ಟರೆ ಗಾಳಿ ಸೋರುತ್ತೆ," ಎಂದು ಹೇಳಿ ಕೈ ತೊಳೆಯಲು ಹೋದ.

ಅಕ್ಕಸಾಲಿಗ ರಿಂಗನ್ನು ಕೈಯಲ್ಲಿ ಹಿಡಿದ. ಒಂದು ಸಲ ಉಜ್ಜಿದ, ಸಿಲಿಂಡರಿಗೆ ಇಟ್ಟು ನೋಡಿದ. ಇನ್ನೊಂದು ಸಲ ಉಜ್ಜಿದ, ಇಟ್ಟು ನೋಡಿದ. ಎರಡು ತುದಿಗಳು ಒಂದಕ್ಕೊಂದು ಮುಟ್ಟಿ ನಿಂತವು. ಒತ್ತುತ್ತಿರಲಿಲ್ಲ, ಬಿಟ್ಟೂ ಇರಲಿಲ್ಲ. ಕೂದಲು ಇಟ್ಟರೆ ಕೂದಲು ಹೋಗುತ್ತಿರಲಿಲ್ಲ. ಎಲ್ಲಿ ಸೀಳಿದೆ ಎಂದು ಅವನೂ ಹುಡುಕಬೇಕಾಯಿತು.

ಇನ್ನು ಸ್ವಲ್ಪ ಉಜ್ಜಬೇಕಾಗಿತ್ತು. ಅವನ ಕೈ ಏಳಲಿಲ್ಲ. 'ಇವನಿಗೆ ಇಷ್ಟು ಚೆನ್ನಾಗಿ ಕೂಡಿಸುವುದಕ್ಕೆ ಬರುವುದಿಲ್ಲ. ಅದಕ್ಕೇ ಸಂದು ಬಿಡಬೇಕು ಎನ್ನುತ್ತಾನೆ,' ಎಂದುಕೊಂಡ. ಎರಡನೆಯ ರಿಂಗನ್ನೂ ಹಾಗೇ ಮಾಡಿದ.

ಮೆಕ್ಯಾನಿಕ್ ಬಾಯಿ ಒರೆಸಿಕೊಂಡು ಬಂದ.

"ಆಯ್ತಾ?"

"ಆಯ್ತು. ಇದಕ್ಕಿಂತ ಸರಿಯಾಗಿ ಯಾರೂ ಮಾಡಲಾರರು."

ಅದು ಸುಳ್ಳಲ್ಲ. ಮೆಕ್ಯಾನಿಕ್ ಮತ್ತೆ ಅಳೆದು ನೋಡಲಿಲ್ಲ. ಅಂಥ ಕೈಯ ಕೆಲಸವನ್ನು ಅಳೆಯಲು ಅವನಿಗೆ ಸಂಕೋಚವಾಯಿತು. ಊಟವೂ ಚೆನ್ನಾಗಿ ಆಗಿತ್ತು.

ಆಮೇಲೆ ಅವನು ಜೋಡಿಸಿದ. ಎಂಜಿನ್ನಿನ ಕೆಳಗಿನ ಗೂಡಿನ ಬಾಯಿಗೆ ಬಟ್ಟೆ ತುರುಕಿದ. ಇಲ್ಲದಿದ್ದರೆ ಪಿನ್ನು ಜಾರದಂತೆ ಹಿಡಿಯುವ ಪುಟ್ಟ ಲಾಕು ಕೈ ತಪ್ಪಿ ಒಳಗೆ ಬೀಳುತ್ತದೆ, ತೆಗೆಯಲು ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ. ಪಿಸ್ಟನ್ನಿನ ತಲೆಯ ಮೇಲೆ ಒಂದು ಬಾಣದ ಗುರುತು ಇತ್ತು. ಅದನ್ನು ಹೊಗೆ ಹೋಗುವ ಕಡೆಗೆ ತಿರುಗಿಸಿದ. ಪಿನ್ನು ತೂರಿಸಿ ಎರಡು ಕಡೆ ಲಾಕು ಹಾಕಿದ. ತೋಡಿನೊಳಗೆ ಒಂದು ಪುಟ್ಟ ಗೂಟವಿರುತ್ತದೆ. ರಿಂಗಿನ ಎರಡು ತುದಿಗಳನ್ನು ಆ ಗೂಟದ ಹತ್ತಿರಕ್ಕೆ ತಂದು ಕೂರಿಸಿದ. ಆಯಿಲ್ ಸವರಿದ. ರಿಂಗುಗಳನ್ನು ಬೆರಳಿನಿಂದ ಅದುಮಿ ಹಿಡಿದು ಸಿಲಿಂಡರನ್ನು ಮೆಲ್ಲಗೆ ಪಿಸ್ಟನ್ನಿಗೆ ತೊಡಿಸಿದ.

"ಇನ್ನೂ ಸ್ವಲ್ಪ ಒತ್ತು," ಎಂದ ಅಕ್ಕಸಾಲಿಗ.

"ಒತ್ತಬಾರದು. ಸರಿಯಾಗಿ ಕೂತಿದ್ದರೆ ತಾನೇ ಹೋಗುತ್ತೆ. ಹೋಗದಿದ್ದರೆ ಏನೋ ಸರಿಯಿಲ್ಲ ಅಂತ ಅರ್ಥ. ಆಗ ಬಲ ಹಾಕಿದರೆ ರಿಂಗು ಮುರಿಯುತ್ತೆ."

ಅದು ತಾನೇ ಹೋಯಿತು. ಗಾಡಿ ಸ್ಟಾರ್ಟ್ ಆಯಿತು. ಶಬ್ದ ಹೊಸ ಮದುಮಗನ ಹಾಗೆ ಮೃದುವಾಗಿತ್ತು.

ಮದುವೆಯ ದಿನ ಬೆಳಿಗ್ಗೆ ಅಕ್ಕಸಾಲಿಗ ಜರಿ ಅಂಚಿನ ಪಂಚೆ ಉಟ್ಟ, ಹೊಸ ಶಲ್ಯ ಹೊದ್ದ. ತಾಳಿಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡ. ತಾಳಿ ಕೊಡುವಾಗ ಕೊಂಡಿ ಸರಿಪಡಿಸಲು ಬೇಕಾಗುತ್ತದೆ ಎಂದು ಅರ, ಚಿಮುಟಗಳ ಚೀಲವನ್ನೂ ಇಟ್ಟುಕೊಂಡ. ಹೆಂಡತಿ ರೇಷ್ಮೆ ಸೀರೆಯಲ್ಲಿ ಹಿಂದೆ ಕೂತಳು. ಹೊಸ ಪಿಸ್ಟನ್ನಿನ ಧೈರ್ಯದಲ್ಲಿ ಅವನು ದೊಡ್ಡ ರಸ್ತೆ ಬಿಟ್ಟು ದಿಣ್ಣೆಯ ಅಡ್ಡದಾರಿ ಹಿಡಿದ. ಆ ದಾರಿಯಲ್ಲಿ ಬಸ್ಸಿಲ್ಲ, ಜನರೂ ಇಲ್ಲ.

ಏರು ಬಂತು. ಹೆಂಡತಿ ಅಭ್ಯಾಸಬಲದಿಂದ ಇಳಿಯಲು ಹೋದಳು.

"ಕೂತ್ಕೊ, ಕೂತ್ಕೊ. ಇನ್ನು ಮೇಲೆ ಇಳಿಯೋದೆಲ್ಲ ಇಲ್ಲ," ಎಂದ.

ಏರಿನ ಅರ್ಧದಲ್ಲಿ ಎಂಜಿನ್ನಿನ ಸ್ವರ ಏರಿತು. ಕೀ ಎಂದಿತು. ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು. ಹೆಂಡತಿ ಅವನ ಬೆನ್ನಿಗೆ ಬಂದು ಬಡಿದಳು. ಅಕ್ಕಸಾಲಿಗ ಕಿಕ್ಕರ್ ತುಳಿದ. ಅದು ಬಂಡೆಯಂತೆ ಅಲುಗಲಿಲ್ಲ.

ಅವರು ಒಂದು ಹೊಂಗೆಯ ಮರದ ಕೆಳಗೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಸುಮ್ಮನೆ ತುಳಿದು ನೋಡಿದ. ಕಿಕ್ಕರ್ ಇಳಿಯಿತು. ಗಾಡಿ ಏನೂ ಆಗದಂತೆ ಸ್ಟಾರ್ಟ್ ಆಯಿತು. ಇಬ್ಬರೂ ಹತ್ತಿದರು. ಏರು ದಾಟಿದರು. ಮುಂದಿನ ಏರಿನಲ್ಲಿ ಮತ್ತೆ ಕೀ ಎಂದು ನಿಂತಿತು. ಮತ್ತೆ ಮರದ ನೆರಳು. ಮತ್ತೆ ಹೊರಟಿತು, ಮತ್ತೆ ನಿಂತಿತು.

"ಇದು ಸ್ಕೂಟರೋ, ದಣಿದ ದನವೋ?" ಎಂದಳು ಹೆಂಡತಿ. "ಮರ ಕಂಡಲ್ಲೆಲ್ಲ ನಿಲ್ಲುತ್ತಲ್ಲ."

"ಸುಮ್ಮನಿರೇ. ಹೊತ್ತಾಗ್ತಿದೆ."

"ನಾನು ಸುಮ್ಮನಿದ್ದರೆ ಹೊತ್ತು ನಿಲ್ಲುತ್ತಾ? ಹಳೇ ಪಿಸ್ಟನ್ನಿಗೆ ನನ್ನನ್ನು ಇಳಿಸಿದರೆ ಸಾಕಾಗ್ತಿತ್ತು. ಇದಕ್ಕೆ ನಿಮ್ಮನ್ನೂ ಇಳಿಸಬೇಕು."

ಅಕ್ಕಸಾಲಿಗ ದಾರಿ ನೋಡಿದ. ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ನಡೆದರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು, ಮುಹೂರ್ತಕ್ಕೆ ಇಲ್ಲ. ಸೊಂಟದ ಗಂಟನ್ನು ಮುಟ್ಟಿ ನೋಡಿಕೊಂಡ. ಚಪ್ಪರದಲ್ಲಿ ಒಂದು ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ. ಅವಳ ತಾಯಿ ಬಾಗಿಲಿಗೂ ಒಳಗೂ ಓಡಾಡುತ್ತಿರುತ್ತಾಳೆ. ಬೀಗರ ಕಡೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ.

ಹೆಂಡತಿ ನೀರಿನ ಬಾಟಲಿ ತೆಗೆದು ಎಂಜಿನ್ನಿನ ಮೇಲೆ ಬಗ್ಗಿಸಲು ಹೋದಳು.

"ಏ ಬೇಡ, ಬೇಡ. ಕಾದದ್ದಕ್ಕೆ ತಣ್ಣೀರು ಹಾಕಿದರೆ ಬಿರುಕು ಬಿಡುತ್ತೆ."

"ಅಷ್ಟೆಲ್ಲ ಗೊತ್ತಿದೆ ನಿಮಗೆ. ಬಿಸಿಯಾದಾಗ ಕಚ್ಚಿಕೊಳ್ಳುತ್ತೆ, ತಣ್ಣಗಾದಾಗ ಬಿಡುತ್ತೆ, ಯಾಕೆ ಅಂತ ಗೊತ್ತಿಲ್ವಾ? ದಿನಾ ಬೆಂಕಿ ಮುಂದೆ ಕೂತು ಊದೋರು ನೀವು. ಬಿಸಿಯಾದರೆ ಲೋಹ ಏನು ಮಾಡುತ್ತೆ?"

"ಹಿಗ್ಗುತ್ತೆ," ಎಂದ ಅಕ್ಕಸಾಲಿಗ.

ಆ ಮಾತು ಅವನಿಗೆ ಗೊತ್ತಿಲ್ಲದ್ದಲ್ಲ. ಚಿಕ್ಕವನಾಗಿದ್ದಾಗಿನಿಂದ ಗೊತ್ತಿತ್ತು. ಬಳೆ ಮಾಡುವಾಗ ಗೊತ್ತಿತ್ತು, ಮೂಗುತಿ ಮಾಡುವಾಗ ಗೊತ್ತಿತ್ತು. ಶೆಡ್ಡಿನಲ್ಲಿ ಟೈರಿನ ಮೇಲೆ ಕೂತಾಗ ಮಾತ್ರ ನೆನಪಾಗಿರಲಿಲ್ಲ. ಕಾದ ರಿಂಗು ಹಿಗ್ಗುತ್ತದೆ. ಹಿಗ್ಗಿದ ತುದಿಗಳಿಗೆ ಹೋಗಲು ಜಾಗವಿಲ್ಲ. ಒಂದನ್ನೊಂದು ನೂಕುತ್ತವೆ. ರಿಂಗು ಗೋಡೆಗೆ ಕಚ್ಚಿಕೊಳ್ಳುತ್ತದೆ.

"ಮೆಕ್ಯಾನಿಕ್ ಸಂದು ಬಿಡಿ ಅಂದಿದ್ದ," ಎಂದ ಮೆಲ್ಲಗೆ.

"ಬಿಟ್ಟಿರಾ?"

"ಕೂಡಿಸಿದೆ."

"ಎಷ್ಟು?"

"ಕಾಣದ ಹಾಗೆ."

ಹೆಂಡತಿ ನಗತೊಡಗಿದಳು. ನಿಂತು ನಗಲಾರದೆ ಮೈಲಿಗಲ್ಲಿನ ಮೇಲೆ ಕೂತು ನಕ್ಕಳು. ಅವನಿಗೆ ಸಿಟ್ಟು ಬಂತು. ಸಿಟ್ಟು ತೋರಿಸಲು ಸಮಯ ಇರಲಿಲ್ಲ. ಡಿಕ್ಕಿಯಿಂದ ನಟ್ಟು ಬಿಚ್ಚುವ ಪಾನ ತೆಗೆದ.

ಎಂಜಿನ್ ಮುಟ್ಟುವಷ್ಟು ತಣ್ಣಗಾಗಲು ಕಾದ. ಎಂಜಿನ್ ಮುಚ್ಚಿದ್ದ ಪಕ್ಕದ ಡಬ್ಬ ಬಿಚ್ಚಿದ. ಸೈಲೆನ್ಸರ್ ಸಡಿಲಿಸಿದ. ಹೆಡ್ಡು ಬಿಚ್ಚಿದ, ಸಿಲಿಂಡರನ್ನು ಹೊರಗೆ ಎಳೆದ. ಕೂತು ನೋಡಿದ್ದು ಈಗ ಉಪಯೋಗಕ್ಕೆ ಬಂತು. ಕೆಳಗಿನ ಗೂಡಿನ ಬಾಯಿಗೆ ತುರುಕಲು ಬಟ್ಟೆ ಬೇಕಾಗಿತ್ತು. ಹೆಂಡತಿ ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಅವನ ಹೊಸ ಶಲ್ಯದ ಕಡೆ ನೋಡಿದಳು. ಶಲ್ಯ ಹೋಯಿತು.

ರಿಂಗಿನ ತುದಿಗಳನ್ನು ಹೆಬ್ಬೆರಳಿನಿಂದ ಮೆತ್ತಗೆ ಅಗಲಿಸಿ ಹೊರಗೆ ತೆಗೆದ. ಬದಿ ಸ್ವಲ್ಪ ಗೀರಿತ್ತು, ಮುರಿದಿರಲಿಲ್ಲ. ಎಡಗೈಯಲ್ಲಿ ರಿಂಗು ಹಿಡಿದ. ಬಲಗೈಯಲ್ಲಿ ಅರ ಹಿಡಿದ. ಹಾಗೇ ಕೂತ.

"ಏನಾಯ್ತು?" ಎಂದಳು ಹೆಂಡತಿ.

"ಎಷ್ಟು ಚೆನ್ನಾಗಿ ಕೂಡಿದೆ ನೋಡು ಇದು."

"ನೋಡಿದೆ. ಬೇಕಾದರೆ ಆಮೇಲೆ ಒಂದು ಚಿನ್ನದ್ದು ಹಾಗೇ ಮಾಡಿಕೊಡಿ, ಕೈಗೆ ಹಾಕ್ಕೊಂಡು ಊರಿಗೆಲ್ಲ ತೋರಿಸ್ತೀನಿ. ಈಗ ಉಜ್ಜಿ. ಅಲ್ಲಿ ಹುಡುಗಿ ಕೂತಿದಾಳೆ."

ಅಕ್ಕಸಾಲಿಗ ಉಜ್ಜಿದ.

ಜೀವಮಾನದಲ್ಲಿ ಅವನು ಅರ ಹಿಡಿದು ಎರಡು ತುದಿಗಳನ್ನು ದೂರ ಮಾಡಿದ್ದು ಅದೇ ಮೊದಲು. ಎಷ್ಟು ಉಜ್ಜಬೇಕು ಎಂಬುದೂ ಗೊತ್ತಾಗಲಿಲ್ಲ. ಪೋಸ್ಟ್‌ಕಾರ್ಡು ಕಾಡಿನಲ್ಲಿ ಎಲ್ಲಿಂದ ಬರಬೇಕು? ಹೆಂಡತಿ ಕೈಚೀಲದಿಂದ ಅದೇ ಮದುವೆಯ ಕರೆಯೋಲೆ ತೆಗೆದಳು.

"ಇದು ಸಾಕಾ ನೋಡಿ. ದಪ್ಪ ಕಾಗದ. ಹೆಣ್ಣಿನ ಕಡೆಯವರು ಚೆನ್ನಾಗಿಯೇ ಮಾಡಿಸಿದಾರೆ."

ಅವನು ರಿಂಗನ್ನು ಸಿಲಿಂಡರಿಗೆ ಇಟ್ಟು, ಕರೆಯೋಲೆಯ ಮೂಲೆಯನ್ನು ತುದಿಗಳ ನಡುವೆ ತೂರಿಸಿ ನೋಡಿದ. ಹೋಗಲಿಲ್ಲ. ಇನ್ನೂ ಉಜ್ಜಿದ. ಮೂಲೆ ತಡೆಯದೆ ಹೋಯಿತು. ಎರಡನೆಯ ರಿಂಗಿಗೂ ಹಾಗೇ ಮಾಡಿದ. ಪೆಟ್ರೋಲಿಗೆ ಬೆರೆಸಲೆಂದು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದ ಆಯಿಲ್ ಸವರಿದ. ರಿಂಗುಗಳನ್ನು ತೋಡಿಗೆ ಇಳಿಸಿದ. ಹೆಂಡತಿ ರೇಷ್ಮೆ ಸೀರೆಯನ್ನು ಮಂಡಿಗೆ ಸಿಕ್ಕಿಸಿ ಕೂತು ಪಿಸ್ಟನ್ ಅಲುಗದಂತೆ ಹಿಡಿದಳು. ಅವನು ಸಿಲಿಂಡರನ್ನು ತೊಡಿಸಿದ.

ಅರ್ಧಕ್ಕೆ ತಡೆಯಿತು. ಅವನ ಕೈ ಬಲ ಹಾಕಲು ಹೋಯಿತು. ಮೆಕ್ಯಾನಿಕ್ಕಿನ ಮಾತು ಈ ಸಲ ಕೇಳಿಸಿತು. ಸಿಲಿಂಡರನ್ನು ಹಿಂದಕ್ಕೆ ಎಳೆದು ನೋಡಿದ. ರಿಂಗಿನ ತುದಿ ಗೂಟ ಬಿಟ್ಟು ಜಾರಿತ್ತು. ತಂದು ಕೂರಿಸಿದ. ಬೆರಳಿನಿಂದ ಅದುಮಿದ. ಸಿಲಿಂಡರು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.

ಗಾಡಿ ಹೊರಟಿತು. ಏರು ಬಂತು. ಇಬ್ಬರೂ ಉಸಿರು ಬಿಗಿ ಹಿಡಿದರು. ಏರು ಹೋಯಿತು. ಮರಗಳು ಒಂದೊಂದೇ ಹಿಂದೆ ಸರಿದವು. ಅಕ್ಕಸಾಲಿಗ ಗಾಡಿಯನ್ನು ನಿಧಾನವಾಗಿಯೇ ಓಡಿಸಿದ. ಹೊಸ ರಿಂಗು ಗೋಡೆಗೆ ಪಳಗುವವರೆಗೆ ಜೋರಾಗಿ ಓಡಿಸಬಾರದು ಎಂಬುದು ಈಗ ಅವನಿಗೆ ಹೇಳದೆಯೇ ಅರ್ಥವಾಗಿತ್ತು.

ಚಪ್ಪರದಲ್ಲಿ ಪುರೋಹಿತರು ಗೊತ್ತಿದ್ದ ಮಂತ್ರಗಳನ್ನೆಲ್ಲ ಎಳೆದೆಳೆದು ಹೇಳಿ ಮುಗಿಸಿದ್ದರು. ಗೊತ್ತಿಲ್ಲದ್ದನ್ನು ಶುರು ಮಾಡುವುದರೊಳಗೆ ಸ್ಕೂಟರಿನ ಸದ್ದು ಕೇಳಿತು. ಅಕ್ಕಸಾಲಿಗ ಓಡಿ ಬಂದ. ಹೆಗಲ ಮೇಲೆ ಶಲ್ಯವಿರಲಿಲ್ಲ, ಮೊಣಕೈವರೆಗೆ ಕಪ್ಪು ಎಣ್ಣೆ. ಗಂಟು ಬಿಚ್ಚಿ ತಾಳಿಯನ್ನು ಮದುವಣಗಿತ್ತಿಯ ತಾಯಿಯ ಕೈಗೆ ಇಟ್ಟ. ಅರಿಶಿನದ ದಾರದ ಮೇಲೆ ಅವನ ಹೆಬ್ಬೆರಳು ಕಪ್ಪಗೆ ಮೂಡಿತು.

"ಏನಿದು ಆಚಾರ್ರೇ?" ಎಂದಳು ಆ ತಾಯಿ.

"ದೃಷ್ಟಿಬೊಟ್ಟು," ಎಂದಳು ಅವನ ಹೆಂಡತಿ, ಹಿಂದಿನಿಂದ.

ತಾಯಿ ನಕ್ಕಳು. ತಾಳಿ ಮುಹೂರ್ತದೊಳಗೇ ಕಟ್ಟಿದರು. ಅಕ್ಕಸಾಲಿಗನಿಗೆ ಮುಂದಿನ ಸಾಲಿನಲ್ಲಿ ಜಮಖಾನ ಹಾಕಿದರು. ಅವನ ಪಂಚೆ ನೋಡಿ, ಜಮಖಾನದ ಮೇಲೆ ಒಂದು ಗೋಣಿಯನ್ನೂ ಹಾಕಿದರು.

ಗುರುಗಳು ಕತೆ ನಿಲ್ಲಿಸಿ ಕಡಲೆಕಾಯಿಯ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. ಬೀಜಗಳನ್ನು ಮುರುಗಯ್ಯನ ಮುಂದೆ ಸರಿಸಿದರು.

ಮುರುಗಯ್ಯ ನಗುತ್ತಿದ್ದ. ನಗು ಮೆಲ್ಲಗೆ ನಿಂತಿತು. ಅವನು ಕಿಟಕಿಯಿಂದ ಆಚೆ ನಿಲಯದ ಅಂಗಳ ನೋಡಿದ. ಹುಡುಗರು ಸಾಲಾಗಿ ನಿಂತು ಗಂಟೆಗಾಗಿ ಕಾಯುತ್ತಿದ್ದರು.

"ಹಾಗಾದರೆ ಗಂಟೆಯನ್ನೆಲ್ಲ ತೆಗೆದುಬಿಡಲೇ ಬುದ್ಧಿ?"

"ಅಕ್ಕಸಾಲಿಗ ರಿಂಗನ್ನೇ ಎಸೆದಿದ್ದರೆ ಗಾಡಿ ಸ್ಟಾರ್ಟೂ ಆಗುತ್ತಿರಲಿಲ್ಲ."

ಮುರುಗಯ್ಯ ತಲೆದೂಗಿದ. ಅವನ ಮುಖ ಬೆಳಗಿತು.

"ತಿಳಿಯಿತು ಬುದ್ಧಿ. ಗೋಡೆ ಬೇಡ, ಗಾರೆಯವನನ್ನು ಕಳಿಸಿಬಿಡುತ್ತೇನೆ. ಸಂಜೆ ಆಟ ಮುಗಿದ ಮೇಲೆ, ಪ್ರಾರ್ಥನೆಗೆ ಮುಂಚೆ, ಸ್ವಲ್ಪ ಹೊತ್ತು ಹಾಗೇ ಬಿಟ್ಟುಬಿಡುತ್ತೇನೆ. ಗಂಟೆ ಇಲ್ಲ, ಸೀಟಿ ಇಲ್ಲ. ಹುಡುಗರು ಏನು ಬೇಕಾದರೂ ಮಾಡಿಕೊಳ್ಳಲಿ, ಏನೂ ಮಾಡದೆಯೂ ಇರಲಿ."

"ಒಳ್ಳೇದು."

"ಆ ಹೊತ್ತಿನಲ್ಲಿ ಅವರು ಏನು ಮಾಡುತ್ತಾರೆ ಅಂತ ನಾನೇ ಜಗುಲಿಯ ಮೇಲೆ ಕೂತು ನೋಡಿಕೊಳ್ಳುತ್ತೇನೆ."

ಗುರುಗಳು ಒಂದು ಕಡಲೆಬೀಜ ಬಾಯಿಗೆ ಹಾಕಿಕೊಂಡರು.

"ಬಿಟ್ಟ ಜಾಗದಲ್ಲಿ ನೀನೇ ಹೋಗಿ ಕೂತರೆ, ಅದು ಬಿಟ್ಟ ಜಾಗ ಹೇಗಾಯಿತಪ್ಪ?"